ಒಗೆದರೂ ಬಾಗದ ಹೂವು

2011ರ ನವೆಂಬರ್ 17, ಗುರುವಾರ. ರಾತ್ರಿ ಇಬ್ಬನಿ ಹೆಪ್ಪುಗಟ್ಟಿತ್ತು. ಬೆಳಗಾಗುವ ಹೊತ್ತಿಗೆ ಗಾಳಿ ಬಿದ್ದುಹೋಗಿತ್ತು. ಹಿತ್ತಲಿನ ಹಿಪ್ಪುನೇರಳೆ ಮರ ತನ್ನ ಎಲೆಗಳನ್ನೆಲ್ಲ ಒಂದೇ ಸಲಕ್ಕೆ ಸುರಿದುಬಿಟ್ಟಿತ್ತು. ಹಣ್ಣಾಗಲು ಸಮಯ ಸಿಗದೆ ಉದುರಿದ ಹಸಿರು ಎಲೆಗಳು. ಹತ್ತು ಗಂಟೆಗೆ ಬಿಸಿಲು ಬಂದರೂ ಚಳಿ ಜಗ್ಗಲಿಲ್ಲ.

ಅಂಕಾರಾ ಸೀಮೆಯ ನಲ್ಲಿಹಾನ್ ಊರಿನ ಮೇಲುಕೇರಿಯ ಆ ಮನೆಯಲ್ಲಿ ನೆಜಾಕೆತ್ ಅಂದು ಮೊದಲು ದೊಡ್ಡಮ್ಮನ ಮೈ ಒರೆಸಿ ಮಗ್ಗುಲು ಬದಲಿಸಿದಳು. ಒಲೆಗೆ ಕಟ್ಟಿಗೆ ತುರುಕಿದಳು. ಬಳಿಕ, ದೊಡ್ಡಮ್ಮ ಕೇಳಿದ್ದರಿಂದ, ಮರದ ಪೆಟ್ಟಿಗೆಯ ತಳದಿಂದ ದಾಳಿಂಬೆ ಹೂವಿನ ತಲೆವಸ್ತ್ರವನ್ನು ತೆಗೆದು ಹಾಸಿಗೆಯ ಮೇಲಿಟ್ಟಳು. ದೊಡ್ಡಮ್ಮ ಶಾಜಿಮೆಂತಳ ಕಣ್ಣು ಹೋಗಿ ಎರಡು ವರ್ಷವಾಗಿತ್ತು. ಆದರೂ ಅವಳು ವಸ್ತ್ರದ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಹೂವುಗಳನ್ನು ಒಂದೊಂದಾಗಿ ಎಣಿಸಿದಳು.

“ಒಂದೂ ಕಮ್ಮಿ ಆಗಿಲ್ಲ” ಎಂದಳು. ಅದು ಹೊಗಳಿಕೆಯಾಗಿರಲಿಲ್ಲ. ಕಳ್ಳಿ ಇನ್ನೂ ಕದ್ದಿಲ್ಲ ಎಂಬುದರ ವರದಿಯಾಗಿತ್ತು.

ತಲೆವಸ್ತ್ರದ ಅಂಚಿಗೆ ಬರೀ ಸೂಜಿ ಮತ್ತು ರೇಷ್ಮೆ ನೂಲಿನಿಂದ ಗಂಟಿನ ಮೇಲೆ ಗಂಟು ಹಾಕಿ ಹೂ ಕಟ್ಟುವ ಕೆಲಸಕ್ಕೆ ಅಲ್ಲಿಯ ಹೆಂಗಸರು ಓಯಾ ಎನ್ನುತ್ತಾರೆ. ಊರಿನ ಹೆಣ್ಣುಮಕ್ಕಳಲ್ಲಿ ಅದು ಬಾರದವರಿಲ್ಲ. ಆದರೆ ಶಾಜಿಮೆಂತಳ ದಾಳಿಂಬೆ ಹೂವು ಬೇರೆ. ಉಳಿದವರ ಹೂವುಗಳ ಎಸಳುಗಳು ಹೊಸದಾಗಿದ್ದಾಗ ನೆಟ್ಟಗೆ ನಿಂತು, ಮೊದಲ ಒಗೆತಕ್ಕೆ ಸೋತು ಬಾಗುತ್ತಿದ್ದವು. ಇವಳದು ಇಪ್ಪತ್ತು ವರ್ಷ ಒಗೆದ ಮೇಲೂ ಈಗತಾನೇ ಅರಳಿದಂತೆ ನಿಲ್ಲುತ್ತಿತ್ತು. ಮದುವೆಗೆ ಹೆಣ್ಣು ಕೊಡುವವರು ಆ ಒಂದು ವಸ್ತ್ರಕ್ಕಾಗಿ ಅಂಕಾರಾದಿಂದ ಬಸ್ಸು ಹಿಡಿದು ಬರುತ್ತಿದ್ದರು. ಗುಟ್ಟು ಇದ್ದದ್ದು ಕೊನೆಯ ಎರಡು ಸಾಲುಗಳಲ್ಲಿ. ಹೂವಿನ ಬುಡದಿಂದ ಹಿಡಿದು ಮುಕ್ಕಾಲು ಭಾಗವನ್ನು ನೆಜಾಕೆತ್ ಕಟ್ಟುತ್ತಿದ್ದಳು. ಕೊನೆಯ ಎರಡು ಸಾಲುಗಳನ್ನು ಶಾಜಿಮೆಂತ್ ಒಳಕೋಣೆಗೆ ಹೋಗಿ, ಬಾಗಿಲಿಗೆ ಅಗುಳಿ ಹಾಕಿಕೊಂಡು ಮುಗಿಸುತ್ತಿದ್ದಳು.

ನಲವತ್ತಾರು ವರ್ಷದ ನೆಜಾಕೆತಳಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಆ ಎರಡು ಸಾಲುಗಳು ಮಾತ್ರ. ಅವು ಸಿಕ್ಕರೆ ಅವಳು ಶಾಜಿಮೆಂತಳ ಕೈಯವಳು, ಅವಳ ವಿದ್ಯೆ ಪಡೆದವಳು. ಸಿಗದಿದ್ದರೆ ಈ ಮನೆಯಲ್ಲಿ ಕಸ ಗುಡಿಸಿ ಮುದುಕಿಯಾದವಳು.

ತಾಯಿ ಸತ್ತಾಗ ಅವಳಿಗೆ ಹನ್ನೊಂದು ವರ್ಷ. ತಾಯಿಯ ಅಕ್ಕನಾದ ಶಾಜಿಮೆಂತ್ ಮಕ್ಕಳಿಲ್ಲದ ವಿಧವೆ. ಮಗುವನ್ನು ಕರೆತಂದ ದಿನ ಅವಳು ಕೊಟ್ಟದ್ದು ಒಂದು ಬಟ್ಟಲು ಗಂಜಿ, ಒಂದು ಸೂಜಿ ಮತ್ತು ಹಳೆಯ ಚಿಂದಿ. ಕೊಕ್ಕೆಕಡ್ಡಿಯ ಹೆಣಿಗೆಯಾದರೆ ತಪ್ಪಿದಾಗ ನೂಲನ್ನು ಎಳೆದರೆ ಸಾಕು, ಸರಸರನೆ ಬಿಚ್ಚಿಕೊಳ್ಳುತ್ತದೆ. ಸೂಜಿಯ ಗಂಟು ಹಾಗಲ್ಲ, ಬಿಚ್ಚಲು ಬರುವುದಿಲ್ಲ. ತಪ್ಪಿದರೆ ಕತ್ತರಿಸಿ ಎಸೆಯುವುದೊಂದೇ ದಾರಿ. ಶಾಜಿಮೆಂತಳ ಸೊಂಟಕ್ಕೆ ಕಪ್ಪು ಲಾಡಿಯಲ್ಲಿ ಒಂದು ಪುಟ್ಟ ಕತ್ತರಿ ಸದಾ ತೂಗುತ್ತಿತ್ತು. ಹುಡುಗಿ ಸಂಜೆಯವರೆಗೆ ಕೂತು ಕಟ್ಟಿದ್ದನ್ನು ಅವಳು ದೀಪ ಹಚ್ಚುವ ಮುಂಚೆ ಒಮ್ಮೆ ಸವರಿ ನೋಡಿ, “ತಪ್ಪು” ಎಂದು ಕಚಕ್ಕನೆ ಕತ್ತರಿಸುತ್ತಿದ್ದಳು. ಎಲ್ಲಿ ತಪ್ಪು ಎಂದು ಹೇಳುತ್ತಿರಲಿಲ್ಲ.

“ಎಲ್ಲಿ ತಪ್ಪಿದೆ ದೊಡ್ಡಮ್ಮ?”

“ನಿಮ್ಮಮ್ಮನ ಹೊಟ್ಟೆಯಲ್ಲೇ ತಪ್ಪಿದೆ. ಮಲಗು ಹೋಗು.”

ಹೀಗೆ ಕಲಿತದ್ದು. ಹದಿನಾಲ್ಕಕ್ಕೆ ಬುಡದ ಸಾಲು ಸರಿಯಾಯಿತು, ಹದಿನಾರಕ್ಕೆ ಎಸಳು ಬಂತು. ಎಸಳು ನಿಲ್ಲಬೇಕಾದರೆ ಅದರ ಅಂಚಿಗೆ ಕುದುರೆ ಬಾಲದ ಕೂದಲೊಂದನ್ನು ಇಟ್ಟು, ಅದರ ಮೇಲೆ ಗಂಟು ಹಾಕುತ್ತ ಹೋಗಬೇಕು. ಕೂದಲು ಬರುವುದು ಕಟ್ಟಕಡೆಯ ಸಾಲಿನಲ್ಲಿ, ಎಸಳಿನ ತುತ್ತತುದಿಯಲ್ಲಿ. ಇದು ಊರಿಗೆಲ್ಲ ಗೊತ್ತಿದ್ದ ವಿಷಯ. ಹದಿನೇಳರ ವಯಸ್ಸಿನಲ್ಲಿ ಒಂದು ಮಧ್ಯಾಹ್ನ, ಕೇರಿಯ ಹೆಂಗಸರೆಲ್ಲ ಚಹಾಕ್ಕೆ ಬಂದು ಕೂತಿದ್ದಾಗ, ಹುಡುಗಿ ಎಣಿಕೆ ತಪ್ಪಿ ಕೂದಲನ್ನು ಒಂದು ಸಾಲು ಮುಂಚೆಯೇ ಸೇರಿಸಿಬಿಟ್ಟಳು. ಹೆದರಿಕೆಗೆ, ಅದು ಕಾಣದಿರಲೆಂದು, ಮೇಲೊಂದು ಬರಿಯ ಸಾಲು ಹಾಕಿ ಮುಚ್ಚಿದಳು.

ಶಾಜಿಮೆಂತ್ ಹೂವನ್ನು ಕಸಿದುಕೊಂಡು ಕಿಟಕಿಯ ಬಳಿ ಹೋದಳು. ಎಲ್ಲರಿಗೂ ಬೆನ್ನು ಹಾಕಿ ಬಹಳ ಹೊತ್ತು ನಿಂತಿದ್ದಳು. ತಿರುಗಿದಾಗ ಮುಖ ಬೆಳ್ಳಗಿತ್ತು.

“ಯಾರೇ ಹೇಳ್ಕೊಟ್ಟಿದ್ದು?”

“ಯಾರೂ ಇಲ್ಲ ದೊಡ್ಡಮ್ಮ. ಎಣಿಕೆ ತಪ್ಪಿಹೋಯ್ತು.”

“ತಪ್ಪಿತು ತಾನೆ? ನಿನ್ನ ಬಾಯಿಂದಲೇ ಹೇಳಿದ್ದೀಯ. ಕೈ ತಾ ಇಲ್ಲಿ. ಎಣಿಸೋದು ಹೆಂಗೆ ಅಂತ ಕಲಿಸ್ತೀನಿ.”

ಹೂವು ಕತ್ತರಿಗೆ ಸಿಕ್ಕಿ ಒಲೆಗೆ ಬಿತ್ತು. ಆಮೇಲೆ ಶಾಜಿಮೆಂತ್ ಹುಡುಗಿಯ ಬಲಗೈಯನ್ನು ಚಹಾದ ತಟ್ಟೆಯ ಪಕ್ಕ ಅಂಗಾತ ಹಿಡಿದು, ಒಂದೊಂದು ಬೆರಳ ತುದಿಗೂ ಸೂಜಿ ಚುಚ್ಚುತ್ತ, “ಎಣಿಸು” ಎಂದಳು. ಹುಡುಗಿ ಎಣಿಸಿದಳು. ಹೆಂಗಸರು ಚಹಾದ ಲೋಟಗಳನ್ನು ನೋಡುತ್ತಿದ್ದರು. ಯಾರೋ ಒಬ್ಬಳು ನಕ್ಕಳು ಕೂಡ. ರಕ್ತ ಬಿದ್ದ ಬಿಳಿಯ ವಸ್ತ್ರವನ್ನು ಆ ಸಂಜೆ ತಣ್ಣೀರಿನಲ್ಲಿ ಒಗೆದವಳೂ ಆ ಹುಡುಗಿಯೇ. ಆ ತಪ್ಪನ್ನು ನೆಜಾಕೆತ್ ಮತ್ತೆಂದೂ ಮಾಡಲಿಲ್ಲ.

ಇಪ್ಪತ್ತೆರಡರಲ್ಲಿ ಗೊಯ್ನುಕ್ ಊರಿನಿಂದ ಅವಳನ್ನು ನೋಡಲು ಬಂದರು. ಹುಡುಗನ ತಾಯಿ ನೆಜಾಕೆತಳ ಕಾಫಿ ಕುಡಿದು, ಅವಳ ಬೆರಳುಗಳನ್ನು ಹಿಡಿದು ನೋಡಿ, ಅಲ್ಲಿಯವರು ಕೇಳುವ ಹಾಗೆ, “ಯಾರ ಕೈ ಇವಳದು?” ಎಂದಳು. ಯಾರಿಂದ ಕಲಿತವಳು ಎಂದು ಅರ್ಥ. ಶಾಜಿಮೆಂತ್ “ನನ್ನ ಕೈ” ಎಂದಿದ್ದರೆ ಮದುವೆ ಅಲ್ಲಿಗೇ ಕುದುರುತ್ತಿತ್ತು.

“ನನ್ನ ಅಡುಗೆಮನೆಯ ಕೈ” ಎಂದಳು ಶಾಜಿಮೆಂತ್. “ಪಾತ್ರೆ ಚೆನ್ನಾಗಿ ತೊಳೀತಾಳೆ.”

ಬಂದವರು ಬಕ್ಲಾವಾ ಸಿಹಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು.

ಆ ಮೇಲಿನ ವರ್ಷಗಳೆಲ್ಲ ಗಂಜಿಯ ಹಿಂದೆ ಹೋದವು. ಗುಟ್ಟು ಗಂಟಿನಲ್ಲಿಲ್ಲ, ಹೂವಿಗೆ ಕೊಡುವ ಗಂಜಿಯಲ್ಲಿದೆ ಎಂದು ನೆಜಾಕೆತ್ ನಂಬಿದ್ದಳು. ಯಾಕೆಂದರೆ ಶಾಜಿಮೆಂತ್ ಒಳಕೋಣೆಗೆ ಹೋಗುವಾಗಲೆಲ್ಲ ಒಂದು ಬಟ್ಟಲು ಸೀಮೆದಾಳಿಂಬೆ ಎಂಬ ಸೇಬಿನಂಥ ಹಣ್ಣಿನ ಬೀಜದ ನೀರನ್ನು ಒಯ್ಯುತ್ತಿದ್ದಳು. ನೆನೆಸಿದರೆ ಅಂಟಂಟಾಗುವ ನೀರು. ನೆಜಾಕೆತ್ ಕದ್ದುಮುಚ್ಚಿ ಆ ಬೀಜದ ನೀರಿನಲ್ಲಿ ತನ್ನ ಹೂವುಗಳನ್ನು ಅದ್ದಿ ನೋಡಿದಳು. ಮೊಟ್ಟೆಯ ಬಿಳಿಯಲ್ಲಿ ಅದ್ದಿ ನೋಡಿದಳು. ಸಕ್ಕರೆ ಪಾಕದಲ್ಲಿ ಅದ್ದಿದ ವರ್ಷ ಅಂಕಾರಾದ ಮದುಮಗಳೊಬ್ಬಳ ಬಟ್ಟೆಗಂಟಿಗೆ ಇರುವೆ ಮುತ್ತಿ, ಆ ತಾಯಿ ವಸ್ತ್ರವನ್ನು ಬಾಗಿಲಲ್ಲಿ ಎಸೆದು ಹೋದಳು. ಕೊನೆಗೊಂದು ದಿನ ತಿಳಿಯಿತು: ಬೀಜದ ನೀರನ್ನು ಶಾಜಿಮೆಂತ್ ಕೆಮ್ಮಿಗೆ ಕುಡಿಯುತ್ತಿದ್ದಳು. ಹುಡುಗಿ ನೋಡುತ್ತಿದ್ದಾಳೆಂದು ಗೊತ್ತಿದ್ದೇ ಬಟ್ಟಲನ್ನು ಎತ್ತಿ ಹಿಡಿದು ಒಯ್ಯುತ್ತಿದ್ದಳು.

ಮುಗಿದ ಹೂವನ್ನು ಕಣ್ಣಿಂದ ನೋಡಿ ಗುಟ್ಟು ಹಿಡಿಯುವಂತಿರಲಿಲ್ಲ. ಗಂಟುಗಳು ಒಂದರ ಮೇಲೊಂದು ಬಿಗಿದು ಒಳಗಿನ ಕೂದಲನ್ನು ನುಂಗಿಬಿಡುತ್ತಿದ್ದವು. ಹೂವನ್ನು ಕತ್ತರಿಸಿ ನೋಡಬೇಕು. ಎಣಿಸಿಟ್ಟ ಹೂವನ್ನು ಕತ್ತರಿಸುವವರು ಯಾರು?

ಶಾಜಿಮೆಂತಳ ಕಣ್ಣು ಹೋದ ಮೇಲೆ ದಾಳಿಂಬೆ ಹೂವು ಊರಿನಲ್ಲಿ ನಿಂತುಹೋಯಿತು. ನೆಜಾಕೆತ್ ಕಟ್ಟಿದ್ದನ್ನು ಕೊಂಡವರು ಒಂದು ಒಗೆತದ ಬಳಿಕ ತಂದು ಹಿಂದಿರುಗಿಸುತ್ತಿದ್ದರು. ಪಕ್ಕದ ಮನೆಯ ಮುಯೆಸ್ಸೆರ್, ಐದು ಮಕ್ಕಳ ತಾಯಿ, ಬಾಯಿಗೆ ಬಾಗಿಲಿಲ್ಲದವಳು, ಗೋಡೆಯಾಚೆಯಿಂದಲೇ ನಗುತ್ತಿದ್ದಳು:

“ನಿನ್ನ ಹೂವು ನಮ್ಮನೆಯವರ ಥರ ಕಣೇ ನೆಜಾಕೆತ್. ಮದುವೆ ದಿನ ನೆಟ್ಟಗಿತ್ತು. ಆಮೇಲೆ ನೀರು ತಾಗಿದ್ದೇ ಸೈ, ಒರಗಿತು ನೋಡು!”

“ನಿಮ್ಮನೆಯವರನ್ನ ಬೀಜದ ನೀರಲ್ಲಿ ನೆನೆ ಹಾಕು ಮುಯೆಸ್ಸೆರಕ್ಕ.”

“ಹಾಕಿದೆ ಕಣೇ, ಕೆಮ್ಮು ನಿಂತಿತು. ಬೇರೇನೂ ನಿಲ್ಲಲಿಲ್ಲ.”

ಆ ಗುರುವಾರಕ್ಕೆ ಮರಳುವುದಾದರೆ, ಹೂವುಗಳನ್ನು ಎಣಿಸಿ ಮುಗಿಸಿದ ಶಾಜಿಮೆಂತ್ ವಸ್ತ್ರವನ್ನು ಎದೆಯ ಮೇಲೆ ಹರಡಿಕೊಂಡಳು. ಎರಡು ದಿನದಿಂದ ಅವಳ ಹೊಟ್ಟೆಯಲ್ಲಿ ಚಮಚೆ ನೀರೂ ನಿಂತಿರಲಿಲ್ಲ. ಸಾಯುವುದು ಅವಳಿಗೂ ತಿಳಿದಿತ್ತು, ಅದರ ಬಗ್ಗೆ ಇಬ್ಬರಲ್ಲೂ ಯಾವ ನಾಚಿಕೆಯೂ ಇರಲಿಲ್ಲ.

“ನನ್ನ ಪೆಟ್ಟಿಗೆಯ ತಲೆಯ ಕಡೆ ಇದನ್ನೇ ಕಟ್ಟಬೇಕು” ಎಂದಳು. ಹೆಂಗಸಿನ ಶವಪೆಟ್ಟಿಗೆಯ ತಲೆಯ ಕಡೆ ಅವಳ ತಲೆವಸ್ತ್ರವನ್ನು ಕಟ್ಟಿಯೇ ಅಲ್ಲಿ ಮಸೀದಿಗೆ ಒಯ್ಯುವುದು. ಹೋಗುತ್ತಿರುವವಳು ಯಾರೆಂದು ಬೀದಿಯಲ್ಲಿರುವವರು ಆ ಅಂಚನ್ನು ನೋಡಿಯೇ ಹೇಳುತ್ತಾರೆ. “ಊರೆಲ್ಲ ನೋಡಲಿ. ಮಣ್ಣಾದ ಮೇಲೆ ವಾಪಸು ತಂದು ಒಲೆಗೆ ಹಾಕು. ಒಂದು ಹೂವೂ ಉಳೀಬಾರದು. ಆಣೆ ಮಾಡು.”

“ಮಾಡ್ತೀನಿ ದೊಡ್ಡಮ್ಮ. ಕೊನೇ ಸಾಲು ಹೇಳ್ಕೊಡು.”

“ಮೊದಲು ನನ್ನ ಋಣ ಬಿಡು. ನಾನು ನಿನಗೆ ತೀರಿಸಬೇಕಾದ್ದು ಏನಿದ್ದರೂ ಎಲ್ಲಾ ಬಿಟ್ಟೆ ಅನ್ನು. ಬಿಡದೆ ಹೋದರೆ ಮಣ್ಣು ಭಾರ ಆಗುತ್ತೆ ಅಂತ ಇಮಾಮರು ಹೇಳ್ತಾರೆ.”

“ಮೊದಲು ಸಾಲು.”

“ಸಾಯೋಳ ಹತ್ತಿರ ಚೌಕಾಸಿ ಮಾಡ್ತೀಯಲ್ಲೇ ನಿರ್ಭಾಗ್ಯೆ! ನಾನು ಕೊಡೋದಿಲ್ಲ ಅಂತ ಯಾವಾಗ ಹೇಳಿದೆ? ಋಣ ಬಿಡು, ಕಿವಿ ಹತ್ತಿರ ತಾ, ಹೇಳ್ತೀನಿ.”

ನೆಜಾಕೆತ್ ಕಿಟಕಿಯಾಚೆ ಬೋಳಾದ ಮರವನ್ನು ನೋಡಿದಳು. ಹನ್ನೊಂದನೇ ವಯಸ್ಸಿನಿಂದ ಆ ಮನೆಯಲ್ಲಿ ಅವಳು ಕೇಳಿಸಿಕೊಂಡ ಮಾತುಗಳಲ್ಲಿ ಇಷ್ಟು ಮೆತ್ತಗಿನದು ಇನ್ನೊಂದಿರಲಿಲ್ಲ. ಅವಳು ಮುದುಕಿಯ ಕೈ ಹಿಡಿದು, “ನಿನ್ನ ಋಣ ಬಿಟ್ಟೆ, ನಿನ್ನ ಋಣ ಬಿಟ್ಟೆ, ನಿನ್ನ ಋಣ ಬಿಟ್ಟೆ” ಎಂದು ಕ್ರಮದಂತೆ ಮೂರು ಸಲ ಹೇಳಿದಳು. ಹೇಳಿದ ಮೇಲೆ ಹಿಂದಕ್ಕೆ ಪಡೆಯುವಂತಿಲ್ಲ. ಕಿವಿಯನ್ನು ಬಾಯಿಯ ಹತ್ತಿರ ತಂದಳು.

ಶಾಜಿಮೆಂತ್ ಉಸಿರು ಎಳೆದುಕೊಂಡು ನಕ್ಕಳು. “ನನಗೆ ಕಲಿಸಿದ ಮುದುಕಿಯ ಕಾಲನ್ನ ಒಂಬತ್ತು ವರ್ಷ ತೊಳೆದಿದ್ದೀನಿ. ನೀನು ಎಷ್ಟು ತೊಳೆದರೂ ಅಷ್ಟೇ. ಕೊನೇ ಸಾಲು ನನ್ನ ಜೊತೆ ಬರುತ್ತೆ. ಅದನ್ನ ನಿನಗೆ ಕೊಟ್ಟು ಹೋದರೆ ನನ್ನನ್ನ ಯಾರು ನೆನೀತಾರೆ? ಗಂಜಿ ತಣ್ಣಗಾಗಿದೆ, ಬಿಸಿ ಮಾಡು.”

ನೆಜಾಕೆತ್ ಗಂಜಿ ಬಿಸಿ ಮಾಡಿದಳು. ಮುದುಕಿ ಕುಡಿಯಲಿಲ್ಲ.

ಶುಕ್ರವಾರ ಮೋಡ, ಮಳೆಯಿಲ್ಲ. ಮಧ್ಯಾಹ್ನದ ನಮಾಜಿಗೆ ಗಂಡಸರೆಲ್ಲ ಹೋಗಿ ಬೀದಿ ಖಾಲಿಯಾದಾಗ ನೆಜಾಕೆತ್ ಕಿಟಕಿಯ ಬಳಿಯ ಸೋಫಾದಲ್ಲಿ ಕೂತು, ದಾಳಿಂಬೆ ಹೂವಿನ ವಸ್ತ್ರವನ್ನು ತೊಡೆಯ ಮೇಲೆ ಹರಡಿಕೊಂಡಳು. ಮೂರು ಹೆಜ್ಜೆಯಾಚೆ ಶಾಜಿಮೆಂತ್ ಕಣ್ಣು ಮುಚ್ಚಿ ಮಲಗಿದ್ದಳು. ಕಪ್ಪು ಲಾಡಿಯ ಕತ್ತರಿ ಈಗ ನೆಜಾಕೆತಳ ಸೊಂಟದಲ್ಲಿತ್ತು. ಮೂಲೆಯ ಹೂವನ್ನು ಹಿಡಿದು ಎಸಳಿನ ತುದಿಯ ಮೊದಲ ಗಂಟಿಗೆ ಕತ್ತರಿ ಹಾಕಿದಳು.

ಕಚ್ಚೆಂದ ಸದ್ದಿಗೆ ಹಾಸಿಗೆಯಿಂದ ಧ್ವನಿ ಬಂತು. ಕಣ್ಣು ಹೋದವಳಿಗೆ ಆ ಕತ್ತರಿಯ ಸದ್ದು ತನ್ನ ಹೆಸರಿನಷ್ಟೇ ಪರಿಚಿತ.

“ಏನು ಕತ್ತರಿಸ್ತಿದ್ದೀಯ?”

“ನಂದೇ ದೊಡ್ಡಮ್ಮ. ತಪ್ಪಾಯ್ತು.”

“ಕತ್ತರಿಸು” ಎಂದಳು ಶಾಜಿಮೆಂತ್, ತೃಪ್ತಿಯಿಂದ. “ಚೆನ್ನಾಗಿ ಬುಡದ ತನಕ ಕತ್ತರಿಸು. ನಿನಗೆ ಇನ್ನೂ ಎಣಿಸೋಕೆ ಬರಲ್ಲ.”

ನೆಜಾಕೆತ್ ಕತ್ತರಿಸಿದಳು. ತುದಿಯ ಸಾಲು ಬಿಡಿಬಿಡಿಯಾಗಿ ಉದುರಿ ಮಡಿಲಿಗೆ ಬಿತ್ತು. ಅದರಲ್ಲಿ ಕೂದಲಿರಲಿಲ್ಲ. ಬರೀ ರೇಷ್ಮೆ. ಅವಳು ಇನ್ನೊಂದು ಎಸಳನ್ನು ಕತ್ತರಿಸಿದಳು, ಅಲ್ಲೂ ಇಲ್ಲ. ಅದರ ಕೆಳಗಿನ ಸಾಲಿನ ಗಂಟುಗಳನ್ನು ಸೂಜಿಯ ಮೊನೆಯಿಂದ ಸರಿಸಿದಾಗ, ಬಿಳಿಯ ಕೂದಲು ಕಮಾನಿನಂತೆ ಬಾಗಿ, ಯಾವ ನೀರೂ ತಾಗದಷ್ಟು ಬಿಗಿಯಾಗಿ, ಗಂಟುಗಳೊಳಗೆ ಮಲಗಿತ್ತು. ಕೂದಲು ಒಂದು ಸಾಲು ಮುಂಚೆ. ಮೇಲೊಂದು ಬರಿಯ ಸಾಲಿನ ಮುಚ್ಚಿಗೆ. ಇಷ್ಟೇ.

ಅವಳು ಬಲಗೈಯ ಬೆರಳ ತುದಿಗಳನ್ನು ನೋಡಿಕೊಂಡಳು. ಗುರುತೇನೂ ಉಳಿದಿರಲಿಲ್ಲ. ಕಿಟಕಿಯ ಬಳಿ ಬೆನ್ನು ಹಾಕಿ ನಿಂತಿದ್ದ ಹೆಂಗಸು, ಬೆಳ್ಳಗಾದ ಆ ಮುಖ, “ಯಾರೇ ಹೇಳ್ಕೊಟ್ಟಿದ್ದು?” ಎಂಬ ಪ್ರಶ್ನೆ, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಹೋಗಿ ಕೂತವು. ಹದಿನೇಳರ ಹುಡುಗಿ ಗುಟ್ಟನ್ನು ಒಂದು ಮಧ್ಯಾಹ್ನದಲ್ಲಿ, ಹೆದರಿಕೊಂಡು, ಕಂಡುಹಿಡಿದಿದ್ದಳು. ಆಮೇಲೆ ಇಪ್ಪತ್ತೊಂಬತ್ತು ವರ್ಷ ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡಿ ನೋಡಿದ್ದಳು.

ಕೆಂಪು ರೇಷ್ಮೆ ಮನೆಯಲ್ಲೇ ಇತ್ತು. ಅವಳು ಅಂದು ಮಧ್ಯಾಹ್ನವೇ ಒಂದು ಹೂವು ಕಟ್ಟಲು ಕೂತಳು. ಬುಡದಿಂದ ಎಸಳಿನವರೆಗೆ ಕೈ ತಾನಾಗಿ ನಡೆಯಿತು. ಕೂದಲಿಡುವ ಜಾಗಕ್ಕೆ ಬಂದಾಗ ಬೆರಳುಗಳು ಹಿಂಜರಿದವು. ಬಿಸಿ ಪಾತ್ರೆ ಮುಟ್ಟಲು ಹೆದರುವ ಹಾಗೆ ಹೆದರಿದವು. ಅವಳು ಕೂದಲನ್ನು ಒಂದು ಸಾಲು ಮುಂಚೆ ಇಟ್ಟಳು. ಮೇಲಿನ ಸಾಲನ್ನು ಬರಿದಾಗಿ ಕಟ್ಟಿ ಮುಚ್ಚಿದಳು. ಹೂವನ್ನು ಸಾಬೂನಿನ ನೀರಿನಲ್ಲಿ ಹಿಸುಕಿ, ಹಿಂಡಿ, ಮುದ್ದೆ ಮಾಡಿ ಅಂಗೈಯಲ್ಲಿಟ್ಟು ಕೈ ತೆರೆದಳು. ಎಸಳುಗಳು ಒಂದೊಂದಾಗಿ ಎದ್ದು ನಿಂತವು.

ಸಂಜೆ ದೀಪ ಹಚ್ಚುವ ಮುಂಚೆ ಅವಳು ಆ ಹೂವನ್ನು ದೊಡ್ಡಮ್ಮನ ಕೈಯಲ್ಲಿಟ್ಟಳು. ಯಾಕೆ ಇಟ್ಟಳು ಎಂದರೆ, ಅಷ್ಟಾದ ಮೇಲೂ ಆ ಬಾಯಿಂದ “ನನ್ನ ಕೈ” ಎಂದು ಕೇಳಬೇಕಿತ್ತು. ಗುಟ್ಟು ಸಿಕ್ಕಿತ್ತು, ಹೆಸರು ಸಿಕ್ಕಿರಲಿಲ್ಲ. ಅದನ್ನು ಕೊಡಬಲ್ಲವಳು ಇನ್ನು ಒಂದೆರಡು ದಿನ ಮಾತ್ರ ಇದ್ದಳು.

“ನೋಡು ದೊಡ್ಡಮ್ಮ. ನಾನು ಕಟ್ಟಿದ್ದು.”

ಶಾಜಿಮೆಂತಳ ಹೆಬ್ಬೆರಳು ಬುಡದಿಂದ ಮೇಲಕ್ಕೆ ಹತ್ತಿತು. ಕೊನೆಯ ಸಾಲಿನ ಕೆಳಗೆ ಬಂದು ನಿಂತಿತು. ಅಲ್ಲೇ ಹಿಂದೆ ಮುಂದೆ ಸವರಿತು. ಅವಳು ಹೂವನ್ನು ಅಂಗೈಯಲ್ಲಿ ಒತ್ತಿ, ಬಿಟ್ಟು, ಮತ್ತೆ ಒತ್ತಿದಳು. ಒಲೆಯಲ್ಲಿ ಕಟ್ಟಿಗೆಯೊಂದು ಕುಸಿಯಿತು.

“ಕೂದಲನ್ನ ಒಂದು ಸಾಲು ಮುಂಚೆ ಹಾಕಿದ್ದೀಯ” ಎಂದಳು.

“ಹೌದು.”

“ತಪ್ಪು” ಎಂದಳು ಶಾಜಿಮೆಂತ್. “ಕತ್ತರಿಸು.”

ಅವಳು ಆಡಿದ ಕೊನೆಯ ಮಾತು ಅದು. ಹೂವನ್ನು ಹಿಂದಕ್ಕೆ ಕೊಡಲಿಲ್ಲ. ನೆಜಾಕೆತ್ ಕೇಳಲೂ ಇಲ್ಲ.

ಶನಿವಾರ ಬೆಳಗಿನ ಬಾಂಗಿನ ಹೊತ್ತಿಗೆ ಉಸಿರು ನಿಂತಿತ್ತು. ಮುಯೆಸ್ಸೆರ್ ಬಂದು ಗಲ್ಲ ಕಟ್ಟಿದಳು, ಕಾಲ್ಬೆರಳು ಕಟ್ಟಿದಳು, ಹೊಟ್ಟೆ ಉಬ್ಬದಿರಲೆಂದು ಅದರ ಮೇಲೆ ಒಂದು ಚಾಕು ಇಟ್ಟಳು, ಅತ್ತಳು, ಆಮೇಲೆ ಹಲ್ವಾ ಹುರಿಯಲು ಹಿಟ್ಟು ಸಾಕಾಗುತ್ತದೆಯೇ ಎಂದು ಡಬ್ಬ ತೆರೆದು ನೋಡಿದಳು. ಹೆಣ ತೊಳೆಯುವ ಸಿದಿಕಾ ಎಂಟು ಗಂಟೆಗೆ ಬಂದಳು. ಅರವತ್ತು ದಾಟಿದ ಗಟ್ಟಿ ಹೆಂಗಸು. ಊರಿನ ಮುಕ್ಕಾಲು ಪಾಲು ಹೆಂಗಸರನ್ನು ಅವಳೇ ಕೊನೆಯ ಸಲ ಮೀಯಿಸಿದವಳು. ಹಿತ್ತಲಲ್ಲಿ ಪರದೆ ಕಟ್ಟಿ, ಹಲಗೆ ಹಾಕಿ, ನೀರು ಕಾಯಿಸಿದರು.

ತುಸು ಹೊತ್ತಿನಲ್ಲಿ ಸಿದಿಕಾ ಪರದೆಯಾಚೆಯಿಂದ ಕೂಗಿದಳು. “ನೆಜಾಕೆತ್, ಬಾರವ್ವ ಇಲ್ಲಿ. ಇವಳ ಮುಷ್ಟಿ ಬಿಚ್ತಾ ಇಲ್ಲ. ಏನೋ ಹಿಡ್ಕೊಂಡವಳೆ. ಚಿನ್ನಗಿನ್ನ ಇದ್ದರೆ ನಿನ್ನ ಕಣ್ಣೆದುರೇ ಬಿಚ್ತೀನಿ, ಆಮೇಲೆ ನನ್ನ ಮೇಲೆ ಮಾತು ಬರಬಾರದು.”

ಬಿಸಿನೀರು ಹೊಯ್ದು ಒಂದೊಂದೇ ಬೆರಳನ್ನು ಬಿಡಿಸಿದಳು. ಕೆಂಪು ಮುದ್ದೆಯೊಂದು ಹಲಗೆಯ ಮೇಲೆ ಬಿತ್ತು. ಒಂದು ರಾತ್ರಿಯೆಲ್ಲ ಹಿಸುಕಿಸಿಕೊಂಡದ್ದು, ಸಾಯುವವಳ ಬೆವರಿನಲ್ಲೂ ಬಿಸಿನೀರಿನಲ್ಲೂ ನೆಂದದ್ದು. ಇಬ್ಬರೂ ನೋಡುತ್ತಿದ್ದ ಹಾಗೆ ಎಸಳುಗಳು ಎದ್ದು ನಿಂತವು.

“ಅಬ್ಬಾ! ಅವಳದೇ ಹೂವು” ಎಂದಳು ಸಿದಿಕಾ. “ಇವಳ ಕೈಯ ಕೆಲಸ ಎಲ್ಲಿದ್ದರೂ ಗೊತ್ತಾಗುತ್ತೆ ನೋಡು. ಪುಣ್ಯವಂತೆ, ಹಿಡ್ಕೊಂಡೇ ಹೋದಳು.”

ನೆಜಾಕೆತ್ ಹೂವನ್ನು ಎತ್ತಿಕೊಂಡಳು. ಅದು ತನ್ನದು ಎನ್ನಲಿಲ್ಲ. ಹೇಳಿದ್ದರೆ ನಂಬುವವರು ಯಾರು? ತಪ್ಪು ಎಂದವಳು ಬಿಡಲಾರದೆ ಹಿಡಿದುಕೊಂಡಿದ್ದಳು. ಹಿಡಿದುಕೊಂಡೂ ತಪ್ಪು ಎಂದಿದ್ದಳು. ಈಗ ಊರು ಅದನ್ನೂ ಅವಳ ಹೆಸರಿಗೇ ಬರೆದಿತ್ತು.

“ಸಾಬೂನು ಸಾಲದು, ತರ್ತೀನಿ” ಎಂದು ಅವಳು ಅಂಗಡಿಗೆ ಹೊರಟಳು. ಹೊರಡುವ ಮೊದಲು ಒಳಗೆ ಹೋಗಿ ದಾಳಿಂಬೆ ಹೂವಿನ ವಸ್ತ್ರವನ್ನು ತೊಡೆಯ ಮೇಲಿಟ್ಟುಕೊಂಡು ಅಂಚಿನ ಹೂವುಗಳನ್ನೆಲ್ಲ ಬುಡದ ತನಕ ಕತ್ತರಿಸಿದಳು. ಅವಸರ ಮಾಡಲಿಲ್ಲ. ಹೂವುಗಳನ್ನು ಒಲೆಗೆ ಸುರಿದು, ತನ್ನ ಕೈಯಲ್ಲಿದ್ದ ಒಂದನ್ನೂ ಅದರ ಮೇಲೆ ಹಾಕಿದಳು. ರೇಷ್ಮೆ ಉರಿಯುವುದಿಲ್ಲ, ಮುರುಟಿ ಕರಿಯಾಗುತ್ತದೆ. ಸುಟ್ಟ ಕೂದಲಿನ ವಾಸನೆ ಮನೆಯಲ್ಲೆಲ್ಲ ತುಂಬಿತು. ಅಡುಗೆಮನೆಯಲ್ಲಿ ಮುಯೆಸ್ಸೆರ್ ಬೆಣ್ಣೆಯಲ್ಲಿ ಹಿಟ್ಟು ಹುರಿಯುತ್ತಿದ್ದಳು. ಆ ಹಲ್ವಾದ ಪರಿಮಳ ಸತ್ತವರಿಗೆ ಮುಟ್ಟಬೇಕೆಂದು ಲೆಕ್ಕ.

“ಏನೇ ಅದು ಕಮಟು? ನನ್ನ ಹಲ್ವಾ ವಾಸನೆ ಅವಳಿಗೆ ತಲುಪೋದು ಬೇಡವಾ?”

“ಇದು ಮೊದಲು ತಲುಪಲಿ” ಎಂದಳು ನೆಜಾಕೆತ್.

ಮಧ್ಯಾಹ್ನದ ನಮಾಜಿಗೆ ಮುಂಚೆ ಪೆಟ್ಟಿಗೆಯನ್ನು ಮನೆಯ ಅಂಗಳದ ಕಲ್ಲಿನ ಮೇಲಿಟ್ಟರು. ಹಸಿರು ಬಟ್ಟೆ ಹೊದಿಸಿದ್ದರು. ಗೇಟಿನ ಹತ್ತಿರ ಕೇರಿಯ ಹೆಂಗಸರೆಲ್ಲ ಸೇರಿದ್ದರು. ಬಹಳ ಜನ ತಮ್ಮ ತಮ್ಮ ಮದುವೆಯಲ್ಲಿ ಶಾಜಿಮೆಂತಳಿಂದ ಕೊಂಡ ವಸ್ತ್ರವನ್ನೇ ತಲೆಗೆ ಕಟ್ಟಿಕೊಂಡು ಬಂದಿದ್ದರು. ಅಂಗಳದಲ್ಲಿ ಎತ್ತ ನೋಡಿದರೂ ಕೆಂಪು ಹೂವುಗಳು ನೆಟ್ಟಗೆ ನಿಂತಿದ್ದವು. ನೆಜಾಕೆತ್ ಮುಂದೆ ಬಂದು, ಮಡಿಕೆ ಇನ್ನೂ ಹೋಗಿರದ ಒಂದು ನೇರಳೆ ಬಣ್ಣದ ವಸ್ತ್ರವನ್ನು ಪೆಟ್ಟಿಗೆಯ ತಲೆಯ ಕಡೆ ಕಟ್ಟಿದಳು. ಅಂಚಿನಲ್ಲಿ ಯಂತ್ರ ಹೊ­ಲಿದ ನೈಲಾನಿನ ಹೂವುಗಳು ಸಾಲಾಗಿ ತೂಗುತ್ತಿದ್ದವು, ಒಂದರ ಹಾಗೆ ಇನ್ನೊಂದು. ಒಂದು ಕಡೆ ಅಂಗಡಿಯ ಬೆಲೆಚೀಟಿಯ ಅಂಟು ಇನ್ನೂ ಇತ್ತು.

ಮುಯೆಸ್ಸೆರ್ ಮುಂದೆ ಬಂದು ಅವಳ ತೋಳು ಹಿಡಿದಳು.

“ನೆಜಾಕೆತ್, ಏನೇ ಇದು? ಅವಳ ದಾಳಿಂಬೆ ಹೂವು ಎಲ್ಲಿ?”

“ಕತ್ತರಿಸಿದೆ.”

“ಕತ್ತರಿಸಿದೆಯಾ! ಯಾಕೆ?”

“ತಪ್ಪಿತ್ತು” ಎಂದಳು ನೆಜಾಕೆತ್. “ಕೂದಲನ್ನ ಒಂದು ಸಾಲು ಮುಂಚೆ ಹಾಕಿದ್ದಳು.”

ಹೆಂಗಸರ ಕೈಗಳು ತಮ್ಮ ತಮ್ಮ ತಲೆಯ ಅಂಚಿಗೆ ಹೋದವು. ಹೆಬ್ಬೆರಳುಗಳು ಕೊನೆಯ ಸಾಲಿನ ಕೆಳಗೆ ಸವರತೊಡಗಿದವು. ಶಾಜಿಮೆಂತ್ ಮಣ್ಣಿಗೆ ಒಯ್ಯಬೇಕೆಂದಿದ್ದದ್ದನ್ನು ನೆಜಾಕೆತ್ ಅಂಗಳದ ನಡುವೆ, ಎಲ್ಲರಿಗೂ ಕೇಳುವಂತೆ, ಒಂದು ವಾಕ್ಯದಲ್ಲಿ ಚೆಲ್ಲಿಬಿಟ್ಟಿದ್ದಳು. ಇನ್ನು ಆ ಹೂವನ್ನು ಯಾರು ಬೇಕಾದರೂ ಕಟ್ಟಬಹುದಿತ್ತು. ನೆಜಾಕೆತಳೂ ಕಟ್ಟಬಹುದಿತ್ತು, ಎಲ್ಲರ ಹಾಗೆ.

ಇಮಾಮರು ಜನರ ಕಡೆ ತಿರುಗಿ, ಈ ಹೆಂಗಸಿನ ಮೇಲಿನ ನಿಮ್ಮ ಋಣವನ್ನು ಬಿಟ್ಟಿರಾ ಎಂದು ಕೇಳಿದರು. ಬಿಟ್ಟೆವು ಎಂದಿತು ಅಂಗಳ. ಮತ್ತೆರಡು ಸಲ ಕೇಳಿದರು, ಮತ್ತೆರಡು ಸಲ ಹೇಳಿದರು. ನೆಜಾಕೆತ್ ಬಾಯಿ ತೆರೆಯಲಿಲ್ಲ. ಅವಳದನ್ನು ಗುರುವಾರವೇ ಕೊಟ್ಟಾಗಿತ್ತು. ಪೆಟ್ಟಿಗೆ ಹೆಗಲಿಗೇರಿ ಇಳಿಜಾರಿನಲ್ಲಿ ಹೊರಟಿತು. ಬೀದಿಯ ತಿರುವಿನಲ್ಲಿ ಯಾರೋ, ಹೋಗುತ್ತಿರುವುದು ಯಾರು ಎಂದು ಕೇಳಿದ್ದು ಅಂಗಳದವರೆಗೂ ಕೇಳಿಸಿತು.

ಅಂದಿನ ಖರ್ಚು. ಶವದ ಬಟ್ಟೆ, ಪೆಟ್ಟಿಗೆ, ಗಾಡಿ ಪುರಸಭೆಯವು, ದುಡ್ಡಿಲ್ಲ. ಹಲ್ವಾಕ್ಕೆ ಹಿಟ್ಟು ಎರಡು ಕಿಲೋ, ನಾಲ್ಕು ಲಿರಾ. ಬೆಣ್ಣೆ ಅರ್ಧ ಕಿಲೋ, ಏಳು. ಸಕ್ಕರೆ ಒಂದು ಕಿಲೋ, ಮೂರು. ಎರಡು ಸಾಬೂನಿಗೆ ಮೂರು ಲಿರಾ. ಸಿದಿಕಾಳಿಗೆ ಇಪ್ಪತ್ತು ಲಿರಾ ಮತ್ತು ಮನೆಯಲ್ಲಿದ್ದ ಒಂದು ಟವೆಲು. ಯಂತ್ರದ ಅಂಚಿನ ತಲೆವಸ್ತ್ರ ಒಂದು: ಅಂಗಡಿಯವನು ಏಳು ಹೇಳಿದ್ದ, ಚೌಕಾಸಿ ಮಾಡಿದ ಮೇಲೆ ಐದಕ್ಕೆ ಕೊಟ್ಟ.